ನಾಲ್ಕನೇ ನಿಯಮ

ಜೂನ್ 4

ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ವಿಳಾಸವನ್ನು ಶಾಲೆಯ ಆಫೀಸಿನ ಅಟೆಂಡರ್ ಕೊಟ್ಟರು. ಫೋನ್ ನಂಬರನ್ನೂ ಕೊಡುತ್ತೇನೆ ಎಂದರು, ಬೇಡ ಎಂದೆ. ಫೋನಿನಲ್ಲಿ ಎರಡನೇ ಮಾತಿಗೇ ಅತ್ತುಬಿಡುತ್ತೇನೆ, ಆಮೇಲೆ ಆ ಕಡೆಯವರೇ ಸಮಾಧಾನ ಹೇಳಬೇಕಾಗುತ್ತದೆ. ಕಾಗದವಾದರೆ ನಿಲ್ಲಿಸಿ ನಿಲ್ಲಿಸಿ ಬರೆಯಬಹುದು.

ನಾನು ಪಿಟೀಲಿನ ಅಮ್ಮ. ಹೋದ ವರ್ಷ ನಿಮ್ಮ ಏಳನೇ ಕ್ಲಾಸಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದಳಲ್ಲ, ಅವಳ ಅಮ್ಮ. ಹುಟ್ಟಿದಾಗ ಅವಳ ಅಳು ತೆಳ್ಳಗೆ, ಎಳೆದೆಳೆದು ಬರುತ್ತಿತ್ತೆಂದು ಅವರಪ್ಪ ಇಟ್ಟ ಹೆಸರು ಅದು. ಅವರು ತೀರಿಕೊಂಡ ಮೇಲೂ ಹೆಸರು ಉಳಿಯಿತು. ಶಾಲೆಯಲ್ಲಿ ನೀವೊಬ್ಬರೇ ಅವಳನ್ನು ಹಾಗೆ ಕರೆಯುತ್ತಿದ್ದಿರಂತೆ. ಖುಷಿಯಿಂದ ಹೇಳಿದ್ದಳು.

ಅವಳು ಲಾರಿಗೆ ಸಿಕ್ಕಿ ಹೋದ ಮರುದಿನ ನೀವು ಮನೆಗೆ ಬಂದದ್ದು ನನಗೆ ಮರೆತಿಲ್ಲ. ಬಂದವರೆಲ್ಲ ನನ್ನ ಮುಖ ನೋಡಿ ಮಾತಾಡಿದರು. ನೀವು ನನ್ನ ಬಲಗೈ ಹಿಡಿದುಕೊಂಡು, ಅದನ್ನೇ ನೋಡುತ್ತ ಬಿಕ್ಕಿ ಬಿಕ್ಕಿ ಅತ್ತಿರಿ. ಸುಟ್ಟ ಗಾಯಕ್ಕೆ ಆಗಿನ್ನೂ ಎಳೆ ಚರ್ಮ ಬಂದಿತ್ತು. ಇಷ್ಟು ದೊಡ್ಡ ದುಃಖದ ನಡುವೆ ನನ್ನ ಕೈ ನೋವನ್ನೂ ಕಂಡವರು ಇವರೊಬ್ಬರೇ ಎಂದುಕೊಂಡೆ. ಆ ಧೈರ್ಯದ ಮೇಲೆ ಈ ಕಾಗದ ಬರೆಯುತ್ತಿದ್ದೇನೆ.

ಅವಳ ಕ್ಲಾಸಿನದೇ ಮೂವರು ಹುಡುಗಿಯರು ದಿನಾ ಸಂಜೆ ಕಾಲುವೆ ಸೇತುವೆಯ ಮೇಲೆ ಅಡ್ಡ ನಿಂತು ಅವಳನ್ನು ಗೋಳುಹೊಯ್ದುಕೊಳ್ಳುತ್ತಿದ್ದರು, ಅದಕ್ಕೇ ಅವಳು ಸೇತುವೆ ಬಿಟ್ಟು ಲಾರಿ ಓಡಾಡುವ ಗೋದಾಮು ರಸ್ತೆ ಸುತ್ತಿಕೊಂಡು ಬರುತ್ತಿದ್ದಳು ಎಂಬುದು ಎಲ್ಲ ಮುಗಿದ ಮೇಲೆ ನನಗೂ ಗೊತ್ತಾಯಿತು, ಶಾಲೆಗೂ ಗೊತ್ತಾಯಿತು. ಈಗ ಶಾಲೆಯವರು ಮಕ್ಕಳ ನಡುವಿನ ಕಿರುಕುಳ ತಡೆಯುವ ನಿಯಮಗಳನ್ನು ಹೊಸದಾಗಿ ಬರೆಯುತ್ತಿದ್ದಾರೆ. ಹಳೆಯವು ಹನ್ನೆರಡು ವರ್ಷದ ಹಿಂದಿನವಂತೆ. ಆಗಸ್ಟ್ 28ಕ್ಕೆ ಸಮಿತಿಯ ಸಭೆ. ನನ್ನನ್ನೂ ಸೇರಿಸಿಕೊಂಡಿದ್ದಾರೆ.

ಕರಡಿನಲ್ಲಿ ನಾಲ್ಕನೇ ನಿಯಮ ಮಾತ್ರ ಹಳೆಯದೇ ಉಳಿದಿದೆ: ‘ಮಗುವಿನ ದೂರು ಶಾಲೆಯ ಫಾರಂನಲ್ಲಿ ಇರಬೇಕು. ಅದರ ಮೇಲೆ ತಂದೆ ಅಥವಾ ತಾಯಿಯ ಸಹಿ ಇರಬೇಕು. ಸಹಿ ಇಲ್ಲದ ದೂರನ್ನು ಸ್ವೀಕರಿಸುವಂತಿಲ್ಲ.’ ಅದು ಇರಲಿ ಎಂದು ಕೆಲವರು, ಬೇಡ ಎಂದು ಕೆಲವರು. ಹೆಡ್ ಟೀಚರ್ ನನ್ನನ್ನು ಕರೆದು, “ಇದೊಂದು ವಿಷಯದಲ್ಲಿ ನೀವು ಏನು ಹೇಳ್ತೀರೋ ಹಾಗೇ ಮಾಡೋಣ ಅಂತ ಎಲ್ಲರೂ ಒಪ್ಪಿದ್ದಾರಮ್ಮ” ಎಂದರು.

ಇರಲಿ ಎನ್ನಬೇಕೆಂದಿದ್ದೇನೆ. ಸಹಿ ಬೇಕೆಂದರೆ ತಾನೇ ತಾಯಿಗೆ ವಿಷಯ ಗೊತ್ತಾಗುವುದು? ಪಿಟೀಲಿನ ಹೆಸರಿನಲ್ಲಿ ದೂರು ಒಂದೂ ಇಲ್ಲವೆಂದು ಶಾಲೆಯವರು ಫೈಲ್ ತೆಗೆದೇ ತೋರಿಸಿದರು. ಅವಳು ಬಾಯೇ ಬಿಡಲಿಲ್ಲ.

ಒಂದು ಕೇಳಬೇಕಿತ್ತು. ಹೋದ ವರ್ಷ ಸೆಪ್ಟೆಂಬರ್ ಮೊದಲ ವಾರ ಶಾಲೆಯಿಂದ ಮನೆಗೆ ಯಾವುದಾದರೂ ಫಾರಂ ಕಳಿಸಿದ್ದಿರಾ? ಸುಮ್ಮನೆ ಕೇಳಿದೆ. ನೆನಪಿದ್ದರೆ ಬರೆಯಿರಿ, ಇಲ್ಲದಿದ್ದರೆ ಬೇಡ.

ಇಂತಿ,
ಪಿಟೀಲಿನ ಅಮ್ಮ

ಜೂನ್ 19

ಅಮ್ಮಾ, ನಮಸ್ಕಾರ.

ನಿಮ್ಮ ಕಾಗದ ಸೇರಿ ಹತ್ತು ದಿನವಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮಿಸಿ. ಇಲ್ಲಿ ಶಾಲೆ ಈಗಷ್ಟೇ ಶುರುವಾಗಿದೆ. ನನಗೆ ತರಗತಿ ಇಲ್ಲ, ಲೈಬ್ರರಿ ಕೊಟ್ಟಿದ್ದಾರೆ. ನಾನೇ ಕೇಳಿ ತೆಗೆದುಕೊಂಡೆ. ಹರಿದ ಪುಸ್ತಕಗಳಿಗೆ ಬೈಂಡ್ ಹಾಕಿಸುವುದು, ನಂಬರ್ ಅಂಟಿಸುವುದು, ಇಷ್ಟೇ ಕೆಲಸ. ಉಳಿದುಕೊಂಡಿರುವುದು ರೈಲ್ವೆ ಸ್ಟೇಷನ್ನಿನ ಹಿಂದಿನ ಒಂದು ಕೋಣೆಯಲ್ಲಿ. ರೈಲು ಹೋದಾಗಲೆಲ್ಲ ಮೇಜಿನ ಮೇಲಿನ ಲೋಟ ಅಲುಗುತ್ತದೆ.

ಹೋದ ವರ್ಷ ಸೆಪ್ಟೆಂಬರ್ ಮೊದಲ ವಾರ ಆರೋಗ್ಯ ತಪಾಸಣೆಯ ಒಪ್ಪಿಗೆ ಫಾರಂ ಎಲ್ಲ ಮಕ್ಕಳ ಮನೆಗೂ ಹೋಗಿತ್ತು. ಹಲ್ಲು, ಕಣ್ಣು ನೋಡುವ ತಪಾಸಣೆ. ನೀವು ಕೇಳುತ್ತಿರುವುದು ಅದೇ ಇರಬೇಕು.

ನಾಲ್ಕನೇ ನಿಯಮದ ಬಗ್ಗೆ ನಾನು ಏನಾದರೂ ಹೇಳುವುದು ಸರಿಯಲ್ಲ. ನಾನೀಗ ಆ ಶಾಲೆಯವಳಲ್ಲ.

ನಾನು ನಿಮ್ಮ ಕೈ ಹಿಡಿದದ್ದನ್ನು ನೀವು ಅಷ್ಟು ದೊಡ್ಡದು ಮಾಡಿ ಬರೆದಿದ್ದೀರಿ. ಅದಕ್ಕೆ ನಾನು ಯೋಗ್ಯಳಲ್ಲ. ಕೈ ಈಗ ಹೇಗಿದೆ?

ನಿಮ್ಮ,
ಕ್ಲಾಸ್ ಟೀಚರ್ ಆಗಿದ್ದವಳು

ಜೂನ್ 27

ಟೀಚರ್ ಅವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ನಾನು ಕೆಲಸ ಮಾಡುವ ಆಸ್ಪತ್ರೆಯ ಲಾಂಡ್ರಿಯಲ್ಲಿ, ಊಟದ ಹೊತ್ತಿನಲ್ಲಿ ಒಡೆದೆ. ಆರೋಗ್ಯ ತಪಾಸಣೆ ಎಂಬುದನ್ನು ಎರಡು ಸಲ ಓದಿದೆ. ಆಮೇಲೆ ಡಬ್ಬಿ ಖಾಲಿ ಮಾಡಿದೆ. ನನ್ನ ಜೊತೆ ಬಟ್ಟೆ ಇಸ್ತ್ರಿ ಮಾಡುವ ಪ್ರೆಸ್ ಮೇಲೆ ಕೆಲಸ ಮಾಡುವ ಹಿರಿಯಳೊಬ್ಬಳಿದ್ದಾಳೆ, ಎಲ್ಲರೂ ದೊಡ್ಡಕ್ಕ ಎನ್ನುತ್ತೇವೆ. ಅವಳು, “ಏನೇ, ಇವತ್ತು ಡಬ್ಬಿ ಸಮೇತ ನುಂಗ್ತೀಯಾ?” ಎಂದಳು. ನಕ್ಕೆ. ನಕ್ಕಿದ್ದು ನನಗೇ ಹೊಸದಾಗಿ ಕೇಳಿಸಿತು.

ಯಾಕೆ ಕೇಳಿದೆನೆಂದು ಈಗ ಬರೆಯಬಹುದು. ಆ ವಾರ ನನ್ನ ಬಲಗೈ ಸ್ಟೀಮ್ ಪ್ರೆಸ್ಸಿಗೆ ಸಿಕ್ಕಿ ಸುಟ್ಟು, ಬೆರಳ ತುದಿಯವರೆಗೂ ಬ್ಯಾಂಡೇಜು. ಒಂದು ಬೆಳಿಗ್ಗೆ ಡ್ರೆಸಿಂಗ್ ಮಾಡಿಸಲು ಹೊರಟು ನಿಂತಿದ್ದೆ. ಪಿಟೀಲು ಒಂದು ಕಾಗದ ಹಿಡಿದುಕೊಂಡು ಬಂದಳು.

“ಅಮ್ಮಾ, ಇದಕ್ಕೊಂದು ಸಹಿ ಹಾಕು.”

“ಏನೇ ಅದು?”

“ಸ್ಕೂಲಿಂದು. ಓದು.”

“ನೀನೇ ಓದಿ ಹೇಳೇ, ಬಸ್ ಬಂದ್ಬಿಡುತ್ತೆ.”

“ನಾನು ಓದಲ್ಲ. ನೀನೇ ಓದು.”

“ಸಂಜೆ ಓದ್ತೀನಿ, ಈಗ ಕೊಡು.” ಎಡಗೈಯಲ್ಲಿ ಹೇಗೋ ಗೀಚಿ ಕೊಟ್ಟೆ. ಅವಳು ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡಳು. ಸಂಜೆ ನಾನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ.

ಅದರಲ್ಲಿ ಏನಿತ್ತೋ ಎಂಬುದು ಒಂಬತ್ತು ತಿಂಗಳಿಂದ ನನ್ನ ಎದೆಯ ಮೇಲೆ ಕೂತಿತ್ತು. ಹಲ್ಲಿನ ಡಾಕ್ಟರೆಂದರೆ ಅವಳಿಗೆ ಪ್ರಾಣಭಯ, ಅದಕ್ಕೇ ‘ನಾನು ಓದಲ್ಲ’ ಎಂದಿರಬೇಕು. ನನ್ನ ತಲೆ ಏನೇನೋ ಲೆಕ್ಕ ಹಾಕಿಬಿಟ್ಟಿತ್ತು.

ನೀವು ಕೇಳಿದಿರಲ್ಲ, ಕೈ ಚೆನ್ನಾಗಿದೆ. ಕೆಲಸಕ್ಕೆ ತೊಂದರೆಯಿಲ್ಲ. ಮನೆಯಲ್ಲಿ ಹೊದಿಕೆ ಮಡಿಸುವುದು ಮಾತ್ರ ಕಷ್ಟ. ಆ ತುದಿ ಹಿಡಿಯುವುದು ಅವಳ ಕೆಲಸವಾಗಿತ್ತು. ಈಗ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಮಡಿಸುತ್ತೇನೆ. ಒಮ್ಮೊಮ್ಮೆ ಆ ತುದಿ ತಾನಾಗೇ ಸಡಿಲಾಗಿ ನನ್ನ ಕಡೆ ಬರುತ್ತದೆ, ಅವಳು ಹತ್ತಿರ ಬಂದು ಮೂಲೆಗೆ ಮೂಲೆ ಕೂಡಿಸುತ್ತಿದ್ದ ಹಾಗೆ. ಗಾಳಿ ಎಂದುಕೊಳ್ಳುತ್ತೇನೆ. ಕಿಟಕಿ ಹಾಕಿರುತ್ತದೆ.

ನಾಲ್ಕನೇ ನಿಯಮಕ್ಕೆ ‘ಇರಲೇಬೇಕು’ ಎಂದೇ ಹೇಳುವವಳಿದ್ದೇನೆ. ನಿಮ್ಮ ಕಾಗದದಿಂದ ಮನಸ್ಸು ಗಟ್ಟಿಯಾಯಿತು. ದೊಡ್ಡ ಉಪಕಾರ ಮಾಡಿದಿರಿ.

ಇಂತಿ,
ಪಿಟೀಲಿನ ಅಮ್ಮ

ಜುಲೈ 16

ಅಮ್ಮಾ,

ಮೂರು ಕಾಗದ ಬರೆದು ಹರಿದೆ. ಇದು ನಾಲ್ಕನೆಯದು, ಚಿಕ್ಕದಾಗಿರಲಿ.

ನಾಲ್ಕನೇ ನಿಯಮ ಬೇಡ ಎಂದು ಹೇಳಿ. ದಯವಿಟ್ಟು. ಸಹಿ ಕಡ್ಡಾಯ ಎಂದಾದರೆ ಎಷ್ಟೋ ಮಕ್ಕಳ ದೂರು ಶಾಲೆಯ ಮೇಜಿನವರೆಗೂ ಬರುವುದಿಲ್ಲ. ಬಂದರೂ ನಿಲ್ಲುವುದಿಲ್ಲ. ಹನ್ನೊಂದು ವರ್ಷ ಪಾಠ ಮಾಡಿದವಳಾಗಿ ಹೇಳುತ್ತಿದ್ದೇನೆ. ಮನೆಯವರ ಸಹಿ ಎಂಬುದು ಎಲ್ಲ ಸಲವೂ ನಂಬುವಂಥದ್ದಲ್ಲ.

ಇದಕ್ಕಿಂತ ಹೆಚ್ಚು ನನ್ನನ್ನು ಕೇಳಬೇಡಿ.

ನಿಮ್ಮ,
ಟೀಚರ್

ಜುಲೈ 22

ಟೀಚರ್ ಅವರಿಗೆ,

ನಿಮ್ಮ ಕಾಗದ ಓದಿದೆ. ಎರಡು ದಿನ ಬಿಟ್ಟು ಬರೆಯುತ್ತಿದ್ದೇನೆ, ಕೋಪದಲ್ಲಿ ಬರೆದರೆ ನಾನೂ ಹರಿಯಬೇಕಾದೀತು ಅಂತ.

ಮನೆಯವರ ಸಹಿ ನಂಬುವಂಥದ್ದಲ್ಲ ಎಂದಿರಿ. ಸೋಪಿನ ನೀರಲ್ಲಿ ಕೈ ಅದ್ದುವವರ ಸಹಿ ಎಂದು ತಾನೇ? ನಾನು ಓದಿದ್ದು ಆರನೇ ಕ್ಲಾಸು. ಆದರೂ ಪ್ರತಿ ವರ್ಷ ಜೂನ್‌ನಲ್ಲಿ ಶಾಲೆಯ ಕಾರ್ಡಿನ ಮೇಲೆ ನೆಟ್ಟಗೆ ಸಹಿ ಹಾಕಿ ಕೊಟ್ಟಿದ್ದೇನೆ. ಮಾರ್ಕ್ಸ್ ಕಾರ್ಡಿಗೆ ಹಾಕಿದ್ದೇನೆ. ಅವಳ ದೇಹ ಬಿಡಿಸಿಕೊಳ್ಳಲೂ ಹಾಕಿದ್ದೇನೆ. ಆಗೆಲ್ಲ ಯಾರೂ ನಂಬುವುದಿಲ್ಲ ಎನ್ನಲಿಲ್ಲ.

ದೊಡ್ಡಕ್ಕನಿಗೆ ಓದಿ ಹೇಳಿದೆ. “ಓದಿದೋರ ಮಾತೇ ಅಷ್ಟು ಕಣೇ. ಬಾಗಿಲು ತೆಗೀತಾರೆ, ಕಾಲಿಡೋಕೆ ಬಿಡಲ್ಲ” ಎಂದಳು.

ನಾನು ಎಲ್ಲವನ್ನೂ ಬಿಚ್ಚಿ ಬರೆದೆ. ನೀವು ಕಾರಣ ಹೇಳದೆ ಬೇಡ ಎನ್ನುತ್ತೀರಿ, ಕೇಳಬೇಡಿ ಎಂದೂ ಹೇಳುತ್ತೀರಿ. ಕಾರಣ ಇದ್ದರೆ ಬರೆಯಿರಿ. ಇಲ್ಲದಿದ್ದರೆ 28ಕ್ಕೆ ನಾನು ‘ಇರಲಿ’ ಎನ್ನುವವಳೇ. ನನ್ನ ಮಗಳಿಗೆ ಆದದ್ದು ಇನ್ನೊಬ್ಬ ತಾಯಿಗೆ ಗೊತ್ತಾಗದೆ ಆಗಬಾರದು.

ಇಂತಿ,
ಪಿಟೀಲಿನ ಅಮ್ಮ

ಜುಲೈ 29

ಅಮ್ಮಾ,

ಕಾರಣ ಬರೆಯುತ್ತೇನೆ. ಕೂತು ಓದಿ. ದೊಡ್ಡಕ್ಕ ಜೊತೆಗಿದ್ದರೆ ಒಳ್ಳೆಯದು.

ನೀವು ಎಡಗೈಯಲ್ಲಿ ಸಹಿ ಹಾಕಿದ್ದು ಆರೋಗ್ಯ ತಪಾಸಣೆಯ ಫಾರಂ ಅಲ್ಲ. ಅದು ಪಿಟೀಲಿನ ದೂರು. ನಾನು ನಿಮಗೆ ಸುಳ್ಳು ಬರೆದೆ.

ಸೆಪ್ಟೆಂಬರ್ 3ರಂದು, ಮೊದಲ ಪಿರಿಯಡ್‌ನಲ್ಲಿ ತಂದು ಕೊಟ್ಟಳು. ಒಂದೂವರೆ ಪುಟ ಇತ್ತು. ಮೂವರ ಹೆಸರು, ಸೇತುವೆ, ದಿನ, ಹೊತ್ತು ಎಲ್ಲ ಬರೆದಿದ್ದಳು. ಅವಳನ್ನು ‘ಫಿನಾಯಿಲ್’ ಎಂದು ಕರೆಯುತ್ತಾರೆ, ಹೆಣಕ್ಕೆ ಹೊದಿಸಿದ ಬಟ್ಟೆಯಲ್ಲಿ ಅವಳ ಯೂನಿಫಾರಂ ಹೊಲಿದಿದ್ದಾರೆ ಎನ್ನುತ್ತಾರೆ, ಮೂಗು ಮುಚ್ಚಿಕೊಂಡು ದಾರಿ ಕಟ್ಟುತ್ತಾರೆ ಎಂದು ಬರೆದಿದ್ದಳು. ನಾನು ಅರ್ಧ ಓದಿ ಕೊನೆಗೆ ಹೋದೆ. ನಮಗೆ ಅಭ್ಯಾಸವೇ ಹಾಗೆ, ಮೊದಲು ಸಹಿ ನೋಡುವುದು. ಮಕ್ಕಳು ಮನೆಯವರ ಸಹಿ ತಾವೇ ಹಾಕಿಕೊಂಡು ಬರುತ್ತಾರೆಂದು ವರ್ಷದ ಆರಂಭದಲ್ಲೇ ಮಾದರಿ ಸಹಿಯ ಕಾರ್ಡ್ ತೆಗೆದುಕೊಳ್ಳುತ್ತೇವೆ. ನಿಮ್ಮ ಕಾರ್ಡ್ ತೆಗೆದು ಪಕ್ಕದಲ್ಲಿಟ್ಟೆ. ಒಂದು ನೆಟ್ಟಗೆ, ಸಣ್ಣಗೆ. ಇನ್ನೊಂದು ದೊಡ್ಡದಾಗಿ, ನಡುಗಿ, ಸಾಲು ಬಿಟ್ಟು ಕೆಳಗಿಳಿದಿತ್ತು.

“ಇದು ಯಾರು ಹಾಕಿದ್ದು?”

“ಅಮ್ಮ, ಮಿಸ್.”

“ನಿಮ್ಮಮ್ಮನ ಸಹಿ ಹೀಗಿರುತ್ತಾ?”

“ಮಿಸ್, ಅಮ್ಮನ ಕೈ...”

“ಎದುರು ಮಾತಾಡ್ಬೇಡ. ಸಹಿ ಕದಿಯೋದು ಕಲ್ತಿದ್ದೀಯಾ?”

ಇಡೀ ಕ್ಲಾಸಿನ ಎದುರು ಕೇಳಿದೆ. ಆ ಮೂವರೂ ಕೂತಿದ್ದರು. ನಕ್ಕರು. ಫಾರಂ ಅವಳ ಕೈಗೆ ವಾಪಸ್ ಕೊಟ್ಟೆ. ‘ನಾನು ಅಮ್ಮನ ಸಹಿಯನ್ನು ಕದ್ದು ಹಾಕುವುದಿಲ್ಲ’ ಎಂದು ಐವತ್ತು ಸಲ ಬರೆದು ತರಲು ಹೇಳಿದೆ. ಮಧ್ಯಾಹ್ನದ ಬಿಡುವಿನಲ್ಲಿ ಬರೆದು ತಂದು ಕೊಟ್ಟಳು. ಕೆಳಗೆ ಕೆಂಪು ಶಾಯಿಯಲ್ಲಿ ಗುರುತು ಹಾಕಿ ಡ್ರಾಯರಿಗೆ ಸೇರಿಸಿದೆ.

ಬರೆದದ್ದು ನಿಜವಿರಬಹುದು ಎಂದು ನನಗೆ ಅನ್ನಿಸದೆ ಇರಲಿಲ್ಲ. ಸರಿಯಾದ ಸಹಿ ಹಾಕಿಸಿಕೊಂಡು ಬರಲಿ, ಆಗ ನೋಡೋಣ ಎಂದುಕೊಂಡೆ. ನಿಯಮ ನನ್ನ ಕಡೆಗಿತ್ತು. ಅವಳು ಮತ್ತೆ ತರಲಿಲ್ಲ. ಹತ್ತೊಂಬತ್ತು ದಿನದ ಮೇಲೆ ಗೋದಾಮು ರಸ್ತೆಯಲ್ಲಿ ಅದಾಯಿತು.

ಮರುದಿನ ನಿಮ್ಮ ಮನೆಯಲ್ಲಿ ನಿಮ್ಮ ಬಲಗೈ ನೋಡಿದೆ. ಪಕ್ಕದಲ್ಲಿದ್ದ ಹೆಂಗಸನ್ನು ಕೇಳಿದೆ. “ಪ್ರೆಸ್ಸಲ್ಲಿ ಸುಟ್ಕೊಂಡ್ಲು, ಮೂರು ವಾರದಿಂದ ಎಲ್ಲಾ ಎಡಗೈಯಲ್ಲೇ” ಎಂದಳು. ನಾನು ಅತ್ತದ್ದು ನಿಮ್ಮ ನೋವಿಗಲ್ಲ ಅಮ್ಮ. ಅಲ್ಲೇ ಹೇಳಬೇಕಿತ್ತು. ತಿಂಗಳೊಳಗೆ ಕೆಲಸ ಬಿಟ್ಟು ಇಲ್ಲಿಗೆ ಬಂದೆ. ಹೆಡ್ ಟೀಚರ್‌ಗೂ ಹೇಳಲಿಲ್ಲ. ಅದಕ್ಕೇ ನಿಮಗೆ ತೋರಿಸಿದ ಫೈಲ್ ಖಾಲಿ.

ಈ ಕಾಗದವನ್ನು ಸಭೆಯಲ್ಲಿ ಓದಿ. ನನಗೆ ಏನಾದರೂ ಆಗಲಿ. ಅವಳ ದೂರು ಏನಾಯಿತೋ ನನಗೆ ಗೊತ್ತಿಲ್ಲ. ಐವತ್ತು ಸಾಲಿನ ಹಾಳೆ ಮಾತ್ರ ನನ್ನ ಪೆಟ್ಟಿಗೆಯಲ್ಲಿದೆ. ಬಿಸಾಡಲು ಆಗಲಿಲ್ಲ, ಬಿಡಿಸಿ ನೋಡಲೂ ಆಗಲಿಲ್ಲ.

ಟೀಚರ್

ಆಗಸ್ಟ್ 14

ಟೀಚರ್,

ಹನ್ನೆರಡು ದಿನ ಪೆನ್ನು ಮುಟ್ಟಲಿಲ್ಲ.

ಅವಳ ಯೂನಿಫಾರಂ ಒಂದು ಜೊತೆ ಗೂಟಕ್ಕೇ ನೇತಾಡುತ್ತಿದೆ. ತೆಗೆದು ಮೂಸಿದೆ. ನನಗೆ ಯಾವ ವಾಸನೆಯೂ ಬರಲಿಲ್ಲ. ದೊಡ್ಡಕ್ಕನಿಗೆ ಕೊಟ್ಟೆ, ಅವಳಿಗೂ ಬರಲಿಲ್ಲ. ಹದಿನಾಲ್ಕು ವರ್ಷ ಅದೇ ಹಬೆ ಕುಡಿದ ಮೂಗುಗಳು ನಮ್ಮವು. ಕೊನೆಗೆ ಬೀದಿಯಲ್ಲಿ ತರಕಾರಿಯವಳನ್ನು ನಿಲ್ಲಿಸಿ ಕೊಟ್ಟೆ. “ಇದೇನಮ್ಮ, ತರಕಾರಿ ಕೊಳ್ಳೋದು ಬಿಟ್ಟು ಬಟ್ಟೆ ಮೂಸೋಕೆ ಕೊಡ್ತೀರಾ” ಎಂದು ನಗುತ್ತಲೇ ಮೂಗಿಗೆ ಹಿಡಿದಳು. ಆಮೇಲೆ ನಗು ನಿಲ್ಲಿಸಿ, “ಆಸ್ಪತ್ರೆ ವಾಸನೆ” ಎಂದಳು. ವರ್ಷವಾಗುತ್ತಾ ಬಂದರೂ ಇದೆಯಂತೆ.

ಮನೆಯ ಇಸ್ತ್ರಿಗೆ ಲಂಗದ ಮಡಿಕೆ ನಿಲ್ಲುವುದಿಲ್ಲವೆಂದು ನಾನೇ ಲಾಂಡ್ರಿಗೆ ಒಯ್ದು, ಅಲ್ಲಿಯ ನೀರಲ್ಲೇ ಅದ್ದಿ, ಪ್ರೆಸ್ಸಿಗೆ ಹಾಕಿಕೊಡುತ್ತಿದ್ದೆ. ಇಡೀ ಕ್ಲಾಸಿನಲ್ಲಿ ನನ್ನ ಮಗಳ ಮಡಿಕೆಯೇ ನೆಟ್ಟಗೆ ಎಂದು ಜಂಬ ಪಡುತ್ತಿದ್ದೆ. ಒಂದು ದಿನ, “ಅಮ್ಮಾ, ಇನ್ಮೇಲೆ ಮನೇಲೇ ಒಗಿ” ಎಂದಳು. “ಸೋಮಾರಿ, ಬಟ್ಟೆ ಹೊರೋಕೂ ಕಷ್ಟನಾ” ಎಂದು ಬೈದೆ. ಹೊರುತ್ತಿದ್ದದ್ದು ನಾನೇ. ಯಾಕೆ ಹಾಗೆ ಬೈದೆನೋ.

ನಿಮಗೆ ಏನು ಬರೆಯಬೇಕೆಂದು ತಿಳಿಯುತ್ತಿಲ್ಲ. ಬಯ್ಯೋಣವೆಂದು ಕೂತರೆ ‘ಸಂಜೆ ಓದ್ತೀನಿ’ ಎಂದ ನನ್ನ ದನಿಯೇ ಅಡ್ಡ ಬರುತ್ತದೆ.

ಆ ಹಾಳೆ ಕಳಿಸಿ. ಮನೆಯಲ್ಲಿರುವ ಅವಳ ಪುಸ್ತಕಗಳಲ್ಲಿ ಆಗಸ್ಟ್‌ವರೆಗೆ ಮಾತ್ರ ಬರೆದಿದ್ದಾಳೆ, ಆಮೇಲಿನವು ಚೀಲದ ಜೊತೆ ಆ ರಸ್ತೆಯಲ್ಲೇ ಹೋದವು. ಸೆಪ್ಟೆಂಬರಿನ ಅಕ್ಷರ ನನ್ನ ಬಳಿ ಒಂದೂ ಇಲ್ಲ. ಸುಳ್ಳೇ ಬರೆಸಿರಲಿ, ಅಕ್ಷರ ಅವಳದು ತಾನೇ.

ಪಿಟೀಲಿನ ಅಮ್ಮ

ಆಗಸ್ಟ್ 19

ಅಮ್ಮಾ,

ಹಾಳೆ ಇದರೊಂದಿಗಿದೆ. ಮಡಿಕೆ ಬಿಚ್ಚಿಲ್ಲ. ರಿಜಿಸ್ಟರ್ ಮಾಡಿ ಕಳಿಸುತ್ತಿದ್ದೇನೆ, ದಾರಿಯಲ್ಲಿ ಕಳೆಯಬಾರದು ಎಂದು.

ಕ್ಷಮಿಸಿ ಎಂದು ಬರೆಯುವುದಿಲ್ಲ. ಬರೆದರೆ ನೀವು ಉತ್ತರ ಕೊಡಬೇಕಾಗುತ್ತದೆ.

ಟೀಚರ್

ಆಗಸ್ಟ್ 31

ಟೀಚರ್ ಅವರಿಗೆ,

ಹಾಳೆ 23ಕ್ಕೆ ಕೈ ಸೇರಿತು. ಸಭೆ ಮೊನ್ನೆ ಮುಗಿಯಿತು. ಎರಡನ್ನೂ ನಿಮಗೆ ತಿಳಿಸಬೇಕು.

ಹಾಳೆಯನ್ನು ನಾನು ಸಾಲು ಸಾಲಾಗಿ ಬೆರಳಿಟ್ಟು ಓದಿದೆ. ಒಂದೇ ಮಾತು ಎಂದು ಗೊತ್ತಿದ್ದೂ ಓದಿದೆ. ಮೂವತ್ತೊಂದು ಸಾಲು ನೀವು ಹೇಳಿದ್ದೇ ಇದೆ. ಮೂವತ್ತೆರಡು, ಮೂವತ್ತಮೂರು, ಮೂವತ್ತನಾಲ್ಕು ಬೇರೆ. ಅಲ್ಲಿಂದ ಐವತ್ತರವರೆಗೆ ಮತ್ತೆ ನಿಮ್ಮದು. ಆ ಮೂರು ಸಾಲು ಹೀಗಿವೆ:

ಅಮ್ಮನ ಬಲಗೈ ಸುಟ್ಟಿದೆ.
ಅದಕ್ಕೆ ಎಡಗೈಯಲ್ಲಿ ಸಹಿ ಹಾಕಿದಳು.
ಮಿಸ್ ಇದನ್ನು ಓದಿದರೆ ನನ್ನನ್ನು ಕರೆಯಿರಿ.

ಇದನ್ನು ನಿಮಗೆ ಬರೆಯಬೇಕೋ ಬೇಡವೋ ಎಂದು ಎಂಟು ದಿನ ಒದ್ದಾಡಿದೆ. ದೊಡ್ಡಕ್ಕ, “ಬಿಡೇ, ಅವಳೂ ನರಳಲಿ ಅಂತ ಬರೀತೀಯಾ?” ಎಂದು ಕೇಳಿದಳು. ಇರಬಹುದು. ಆದರೆ ಇದು ನಿಮಗೆ ಬರೆದದ್ದು. ಇನ್ನೊಬ್ಬರಿಗೆ ಬರೆದದ್ದನ್ನು ನಾನು ಹೇಗೆ ಮುಚ್ಚಿಡಲಿ?

ಸಭೆಗೆ ನಿಮ್ಮ ಕಾಗದ ಒಯ್ಯಲಿಲ್ಲ. ಹಾಳೆ ಮಾತ್ರ ಒಯ್ದೆ. ಹೆಡ್ ಟೀಚರ್ ನಾಲ್ಕನೇ ನಿಯಮ ಓದಿ ನನ್ನ ಕಡೆ ನೋಡಿದರು. ಒಂಬತ್ತು ಜನರೂ ನೋಡಿದರು. ಎದ್ದು ನಿಂತೆ. ಕೂತೇ ಹೇಳಿ ಎಂದರು, ನಾನು ಕೂರಲಿಲ್ಲ. ಮಗಳು ದೂರು ತಂದಿದ್ದಳು, ನಾನು ಓದದೆ ಸಹಿ ಹಾಕಿದೆ, ಅದನ್ನು ಕಳ್ಳ ಸಹಿ ಎಂದು ತಿರುಗಿಸಿ ಕಳಿಸಿದರು ಎಂದೆ. ಹಾಳೆಯನ್ನು ಮೇಜಿನ ಮೇಲೆ ದಾಟಿಸಿದೆ. ಮೊದಲನೆಯವರು ಮೇಲೆ ಕೆಳಗೆ ಕಣ್ಣು ಹಾಯಿಸಿ ಮುಂದೆ ಕೊಡಲು ಹೋದರು. “ಪೂರ್ತಿ ಓದಿ” ಎಂದೆ. ಅಷ್ಟು ಗಟ್ಟಿಯಾಗಿ ನಾನು ಆ ಶಾಲೆಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಆಮೇಲೆ ಒಬ್ಬೊಬ್ಬರೂ ಓದಿದರು. ಮೂವತ್ತೆರಡಕ್ಕೆ ಬಂದಾಗ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ಪೋಷಕರ ಕಡೆಯಿಂದ ಬಂದಿದ್ದ ಬಟ್ಟೆ ಅಂಗಡಿಯವರು, “ನಿಮ್ಮ ನೋವು ಅರ್ಥ ಆಗುತ್ತಮ್ಮ. ಆದ್ರೆ ಸಹಿನೇ ಬೇಡ ಅಂದ್ರೆ ನಾಳೆ ಯಾರು ಬೇಕಾದ್ರೂ ಯಾರ ಮೇಲೆ ಬೇಕಾದ್ರೂ ಬರೀತಾರಲ್ಲ?” ಎಂದರು.

“ಬರೀಲಿ ಬಿಡಿ ಸ್ವಾಮಿ. ಓದೋಕೆ ನಿಮಗೇನು ಕಷ್ಟ?” ಎಂದೆ.

ಹೆಡ್ ಟೀಚರ್ ನಾಲ್ಕನೇ ನಿಯಮದ ಮೇಲೆ ಗೀಟು ಹಾಕಿದರು. ಎಲ್ಲರೂ ಎರಡು ಗಂಟೆ ಕೂತು ಹೊಸದಾಗಿ ಬರೆದರು. ಈಗ ಹೀಗಿದೆ: ‘ಮಗು ತನ್ನ ಕಷ್ಟವನ್ನು ಶಾಲೆಯ ಯಾವ ದೊಡ್ಡವರ ಬಳಿಯಾದರೂ, ಬಾಯಲ್ಲಾಗಲಿ ಬರಹದಲ್ಲಾಗಲಿ ಹೇಳಬಹುದು. ಕೇಳಿದವರು ಅಂದೇ ಅದನ್ನು ಬರೆದುಕೊಂಡು, ಮಗುವಿನ ಎದುರಿಗೇ ಮೊದಲಿಂದ ಕೊನೆಯವರೆಗೆ ಓದಬೇಕು. ಸಹಿಯ ಕಾರಣಕ್ಕೆ ಯಾವ ದೂರನ್ನೂ ತಿರುಗಿಸುವಂತಿಲ್ಲ. ಮನೆಯವರಿಗೆ ತಿಳಿಸುವುದು ಶಾಲೆಯ ಕೆಲಸ, ಮಗುವಿನದಲ್ಲ.’ ಕೊನೆಯ ಸಾಲು ನಾನು ಹಾಕಿಸಿದ್ದು.

ನಿಮ್ಮ ಹೆಸರು ನಾನು ಎತ್ತಲಿಲ್ಲ. ಆದರೆ ಕೆಂಪು ಶಾಯಿಯ ಗುರುತು ನಿಮ್ಮದೆಂದು ಹೆಡ್ ಟೀಚರ್ ಕಂಡುಹಿಡಿದರು. ನಿಮಗೂ, ನಿಮ್ಮ ಈಗಿನ ಶಾಲೆಗೂ ಬರೆಯುತ್ತಾರಂತೆ. ಬರೆಯಬೇಡಿ ಎಂದು ನಾನು ಹೇಳಲಿಲ್ಲ. ಹೇಳಬೇಕೆಂದು ಅನ್ನಿಸಲೂ ಇಲ್ಲ.

ಹಾಳೆಯ ನಕಲು ಶಾಲೆಯ ಫೈಲಿಗೆ ಹೋಯಿತು, ಅವಳ ಹೆಸರಿನಲ್ಲಿ. ಅಸಲು ನನ್ನ ಬಳಿ ಇದೆ. ಕೆಲಸದಿಂದ ಬಂದು ದಿನಾ ತೆಗೆದು ನೋಡುತ್ತೇನೆ. ಮೊದಲ ಹತ್ತು ಸಾಲಿನಲ್ಲಿ ಅಕ್ಷರ ಕೋಪದಲ್ಲಿದೆ, ಪೆನ್ನು ಹಾಳೆಯನ್ನು ಒತ್ತಿದೆ. ಇಪ್ಪತ್ತರ ಹೊತ್ತಿಗೆ ಕೈ ಸೋತಿದೆ. ಆ ಮೂರು ಸಾಲು ತುಂಬ ಸಣ್ಣಗೆ, ಅಕ್ಕಪಕ್ಕದವರು ನೋಡಬಾರದೆಂದು ಮರೆ ಮಾಡಿಕೊಂಡು ಬರೆದ ಹಾಗಿದೆ. ಅದಾದ ಮೇಲೆ ಅಕ್ಷರ ದುಂಡಗಾಗಿದೆ ಟೀಚರ್. ಅವಸರವಿಲ್ಲ. ಹೇಳಬೇಕಾದ್ದು ಹೇಳಿ ಆಯಿತು, ಇನ್ನು ಮಿಸ್ ಓದುತ್ತಾರೆ, ಕರೆಯುತ್ತಾರೆ ಎಂದು ನಿರಾಳವಾಗಿ ಕೂತು ಬರೆದಿದ್ದಾಳೆ. ಐವತ್ತನೇ ಸಾಲಿನ ಕೆಳಗೆ ಎರಡು ಸಾಲಿನಷ್ಟು ಜಾಗ ಬಿಟ್ಟಿದ್ದಾಳೆ, ನಿಮಗೆ ಏನಾದರೂ ಬರೆಯುವುದಿದ್ದರೆ ಇರಲಿ ಎಂದು.

ಅಲ್ಲಿ ನಿಮ್ಮ ಕೆಂಪು ಗುರುತಿದೆ.

ಪಿಟೀಲಿನ ಅಮ್ಮ